ದೇಶಕ್ಕೊಂದು ವಿಮಾನ, ಭಾವಮೈದುನನಿಗೊಂದು ಬೋಟು

ಏರ್ ಫೋರ್ಸಿನಲ್ಲಿದ್ದವನು ನಿವೃತ್ತನಾಗಿ ಊರಿಗೆ ಬಂದರೆ ಜನ ಅವನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಕಾಪುವಿಗೆ ಬಂದು ನೆಲೆಸಿದ ಮೇಲೆ ನಾನು ಮೀನು ತರಲು ಹೋದರೂ, ಕರೆಂಟು ಬಿಲ್ಲು ಕಟ್ಟಲು ನಿಂತರೂ, ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತರೂ ಪಕ್ಕದವರು ಸ್ವಲ್ಪ ವಾಲಿ, ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: "ನಮ್ಮದೇ ಹೊಸ ಯುದ್ಧವಿಮಾನ ತಯಾರಾಗುವವರೆಗೆ ಮಧ್ಯದಲ್ಲಿ ಯಾವುದನ್ನು ತೆಗೆದುಕೊಂಡರೆ ಒಳ್ಳೆಯದು? ರಷ್ಯಾದ್ದಾ, ಅಮೆರಿಕದ್ದಾ, ಫ್ರಾನ್ಸಿನದ್ದಾ?" ನನಗೆ ಒಳಗಿನ ಗುಟ್ಟೆಲ್ಲ ಗೊತ್ತಿದೆ, ಬಾಯಿ ಬಿಡುವುದಿಲ್ಲ ಅಷ್ಟೆ ಎಂಬುದು ಅವರ ನಂಬಿಕೆ.

ನನ್ನ ಗುಟ್ಟನ್ನು ಇಲ್ಲೇ ಬಿಚ್ಚಿಬಿಡುತ್ತೇನೆ. ನಮ್ಮದು ಮೀನುಗಾರರ ಮನೆ. ಅಮ್ಮ ಜೀವನವಿಡೀ ಅಂಗಳದಲ್ಲಿ ಕುಳಿತು ಬಲೆ ಹೊಲಿದವಳು. ನನ್ನನ್ನೂ ಪಕ್ಕದಲ್ಲಿ ಕೂರಿಸಿ ಸೂಜಿ ಕೊಟ್ಟಿದ್ದಳು. ನನಗೋ ಆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಪಿಯುಸಿ ಮುಗಿದದ್ದೇ ತಡ, ಪರೀಕ್ಷೆ ಬರೆದು ಏರ್ ಫೋರ್ಸಿಗೆ ಓಡಿದೆ. ಅಲ್ಲಿ ನನಗೆ ಸಿಕ್ಕಿದ್ದು ವಿಮಾನದ ಬಾಲದ ಪ್ಯಾರಾಶೂಟ್ ನೋಡಿಕೊಳ್ಳುವ ಕೆಲಸ. ಯುದ್ಧವಿಮಾನ ನೆಲಕ್ಕಿಳಿದು ಓಡುವಾಗ ಅದರ ಹಿಂದೆ ಒಂದು ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ಅದು ಗಾಳಿ ತುಂಬಿಕೊಂಡು ವಿಮಾನವನ್ನು ಹಿಂದಕ್ಕೆ ಜಗ್ಗಿ ವೇಗ ಇಳಿಸುತ್ತದೆ. ಪೈಲಟ್ ಅದನ್ನು ರನ್‌ವೇಯಲ್ಲೇ ಉದುರಿಸಿ ಹೋಗುತ್ತಾನೆ. ನಾವು ಜೀಪಿನಲ್ಲಿ ಹೋಗಿ ಹೆಕ್ಕಿ ತಂದು, ಒಣಗಿಸಿ, ಹರಿದಿದ್ದರೆ ಹೊಲಿದು, ಮಡಚಿ ಮತ್ತೆ ಡಬ್ಬಿಗೆ ತುಂಬಬೇಕು. ನನ್ನ ಸರ್ವಿಸ್ ಪೂರ್ತಿ ಇದೇ. ವಿಮಾನ ಹೇಗೆ ಏರುತ್ತದೆ ಎಂದು ನನಗೆ ನಿಮಗಿಂತ ಹೆಚ್ಚೇನೂ ಗೊತ್ತಿಲ್ಲ.

೧. ಕತ್ತಿಯ ಕೆಳಗೆ

ಕಾಪು ಪೇಟೆಯಲ್ಲಿ ನಾನು ಹೋಗುವ ಸೆಲೂನಿನವನಿಗೆ ಪೇಪರ್ ಓದುವ ಹುಚ್ಚು. ಒಂದು ದಿನ ನನ್ನ ಗದ್ದಕ್ಕೆ ಸೋಪು ಹಚ್ಚಿ, ಕತ್ತಿ ಕುತ್ತಿಗೆಯ ಮೇಲಿಟ್ಟ ಮೇಲೆಯೇ ವಿಷಯಕ್ಕೆ ಬಂದ.

"ನೋಡಿ ಸರ್, ಹಳೆಯ ವಿಮಾನಗಳು ರಿಟೈರ್ ಆದವು. ನಮ್ಮದೇ ಹೊಸತು ಬರಲು ಇನ್ನೂ ವರ್ಷಗಟ್ಟಲೆ ಉಂಟು. ಪಕ್ಕದವರಿಗೆ ಅವರ ದೊಡ್ಡ ದೋಸ್ತಿಯವರು ರಾಡಾರಿಗೂ ಕಾಣದಂಥದ್ದನ್ನು ಕೊಡುತ್ತಾರಂತೆ. ಅಲ್ಲಿಯವರೆಗೆ ನಾವು ಎಂತ ಮಾಡುವುದು?"

ಕತ್ತಿ ಇರುವಾಗ ತಲೆ ಅಲ್ಲಾಡಿಸುವ ಹಾಗಿಲ್ಲ. ತುಟಿಯಂಚಿನಲ್ಲೇ ಹೇಳಿದೆ, "ನನಗೆ ಗೊತ್ತಿಲ್ಲ ಮಾರಾಯ. ನನ್ನ ಕೆಲಸ ಬರೇ ಪ್ಯಾರಾಶೂಟ್ ಮಡಚುವುದು."

"ಅಂದರೆ ಜಿಗಿಯುವುದಕ್ಕಾ?"

"ಅಲ್ಲ, ವಿಮಾನ ನಿಲ್ಲಿಸುವುದಕ್ಕೆ."

ಅವನು ಕತ್ತಿ ಎತ್ತಿಕೊಂಡು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಬೆಂಚಿನ ಮೇಲೆ ಕಾಯುತ್ತಿದ್ದವರೂ ಪೇಪರ್ ಕೆಳಗಿಳಿಸಿದರು. ಇಷ್ಟು ವರ್ಷ ಈ ಮನುಷ್ಯನನ್ನು ತಪ್ಪಾಗಿ ಗೌರವಿಸಿದೆವಲ್ಲ ಎಂಬ ಬೇಸರ ಎಲ್ಲರ ಮುಖದಲ್ಲೂ ಇತ್ತು.

"ನಿಲ್ಲಿಸುವುದು ಬೇಡ ಸರ್," ಎಂದ ಅವನು ಮತ್ತೆ ಕತ್ತಿ ಹಿಡಿದು. "ನಾವು ಈಗ ನಿಂತೇ ಇದ್ದೇವೆ. ಹೊರಡುವುದು ಯಾವುದರಲ್ಲಿ ಎಂದು ಗೊತ್ತಿದ್ದರೆ ಹೇಳಿ."

೨. ಆಚೆಮನೆಯವರು

ನನ್ನ ಹೆಂಡತಿಯ ತಮ್ಮನ ಮನೆಯೂ ಕಾಪುವಿನಲ್ಲೇ. ಅವನಿಗೆ ಮಲ್ಪೆಯಲ್ಲಿ ಒಂದು ಬೋಟಿತ್ತು, ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಜಾತಿಯದ್ದು. ಹಲಗೆ ಕೊಳೆತು, ಇನ್ನು ಇದನ್ನು ಕಡಲಿಗೆ ಇಳಿಸಿದರೆ ಪಾಪ ತಗಲುತ್ತದೆ ಎಂಬ ಸ್ಥಿತಿಗೆ ಬಂದಾಗ ಅದನ್ನು ಒಡೆಸಿಬಿಟ್ಟ. ಹೊಸ ಬೋಟು ಕಟ್ಟಲು ಹಾಕಿದ. ಕಟ್ಟುವವರು ಪ್ರತಿ ಸಲ ಹೋದಾಗಲೂ "ಎಲ್ಲ ಆಯಿತು, ಎಂಜಿನ್ ಒಂದು ಬರಲಿ" ಎನ್ನುತ್ತಿದ್ದರು. ಎಂಜಿನ್ ಬಂದ ಮೇಲೆ "ಎಂಜಿನ್ ಬಂತು, ಬೋಟು ಒಂದು ಆಗಲಿ" ಎನ್ನತೊಡಗಿದರು.

ಭಾವಮೈದುನನ ಮನೆಯ ಕಂಪೌಂಡಿನ ಆಚೆ ಬದಿಯಲ್ಲಿ ಅವನ ದೊಡ್ಡಮ್ಮನ ಮಗನ ಮನೆ. ಅವರದ್ದೂ ಬೋಟಿನ ವ್ಯವಹಾರವೇ. ಹಿರಿಯರ ಕಾಲದಿಂದ ಎರಡು ಮನೆಗೂ ಯಾರ ಬೋಟಿಗೆ ಹೆಚ್ಚು ಮೀನು ಎಂಬ ಪೈಪೋಟಿ. ಪೇಪರಿನವರು 'ನೆರೆರಾಷ್ಟ್ರ' ಎಂದು ಬರೆಯುವ ಹಾಗೆ, ಭಾವಮೈದುನನ ಮನೆಯಲ್ಲಿ ಅವರ ಹೆಸರು ಹೇಳುವ ಕ್ರಮವಿಲ್ಲ. 'ಆಚೆಮನೆಯವರು' ಅಷ್ಟೆ. ಆಚೆಮನೆಯವರು ಆ ವರ್ಷ ಹೊಚ್ಚಹೊಸ ಬೋಟು ಇಳಿಸಿದ್ದರು. ನೀರಿನಡಿ ಮೀನಿನ ಹಿಂಡು ಎಲ್ಲಿದೆ ಎಂದು ಪರದೆಯಲ್ಲಿ ತೋರಿಸುವ ಯಂತ್ರ ಬೇರೆ ಅದರಲ್ಲಿತ್ತು.

ಮಳೆಗಾಲದ ರಜೆ ಮುಗಿದು ಕಡಲಿಗಿಳಿಯುವ ದಿನ ಹತ್ತಿರ ಬರುತ್ತಿತ್ತು. ಭಾವಮೈದುನನ ಚಿಂತೆ ಮೀನಿನದ್ದಲ್ಲ, ಜನರದ್ದು. ಬೋಟು ನಡೆಸುವ ತಂಡೇಲರು ಅವನ ಸೋದರಮಾವನ ಕಾಲದಿಂದ ಇದ್ದವರು. ಅವರ ಹಿಂದೆ ಏಳು ಜನ. ಮೊದಲ ದಿನ ಬೋಟು ಇಲ್ಲ ಎಂದರೆ ಅವರು ಹೊಟ್ಟೆಪಾಡಿಗೆ ಬೇರೆ ಬೋಟು ಹತ್ತಲೇಬೇಕು. ಆಚೆಮನೆಯವರಿಗೆ ಜನ ಬೇಕಾಗಿತ್ತು. ಒಮ್ಮೆ ಹೋದರೆ ಅವರು ಮರಳುವುದು ಸುಳ್ಳು.

"ಭಾವ, ನಾನೀಗ ಎಂತ ಮಾಡುವುದು?" ಎಂದು ನಮ್ಮ ಜಗಲಿಯಲ್ಲಿ ಕುಳಿತು ಕೇಳಿದ. ನಾನು ಸುಮ್ಮನೆ ಅಂದಿನ ಪೇಪರಿನಲ್ಲಿದ್ದ ವಿಮಾನದ ಲೇಖನ ಓದಿ ಹೇಳಿದೆ: ಹಳತು ಹೋಯಿತು, ಸ್ವಂತದ್ದು ತಡ, ಪಕ್ಕದವರದ್ದು ಬಂತು, ಅಲ್ಲಿಯವರೆಗೆ ಯಾರಿಂದಾದರೂ ತಾತ್ಕಾಲಿಕವಾಗಿ ತರಬೇಕು. ಅವನ ಕಣ್ಣು ಅಗಲವಾಯಿತು. "ಇದು ನನ್ನದೇ ಕತೆ ಅಲ್ವಾ ಭಾವ! ಯಾರು ಬರೆದದ್ದು?"

ಅಂದಿನಿಂದ ಅವನು ರಕ್ಷಣಾ ಸಚಿವಾಲಯದ ಸುದ್ದಿ ಬಿಟ್ಟು ಬೇರೆ ಓದಿದರೆ ಕೇಳಿ. ದಿನಾ ಸಂಜೆ ಫೋನು. "ಡೆಲ್ಲಿಯವರು ಎಂತ ತೀರ್ಮಾನ ಮಾಡಿದರು ಭಾವ? ಅವರು ದೊಡ್ಡ ದೊಡ್ಡ ತಲೆಗಳು. ಅವರು ತೆಗೆದುಕೊಂಡ ಮೇಲೆ ಅದೇ ಲೆಕ್ಕದಲ್ಲಿ ನಾನೂ ಒಂದು ಬೋಟು ತರುವುದೆಂದು ಮಾಡಿದ್ದೇನೆ."

"ಹಾಗಾದರೆ ಈ ಸೀಸನ್ನು ಮರೆತುಬಿಡು," ಎಂದೆ. "ನಿನ್ನ ಮಗನ ಸೀಸನ್ನಿಗೆ ನೋಡುವ."

೩. ಮಣಿಪಾಲದ ಕೋಷ್ಟಕ

ಹೆಂಡತಿ ಬಿಡಲಿಲ್ಲ. "ನನ್ನ ತಮ್ಮ ಊಟ ಸರಿ ಮಾಡುತ್ತಿಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನಾದರೂ ಕೇಳಿ" ಎಂದಳು. ಮಣಿಪಾಲದಲ್ಲಿ ದೇಶ ದೇಶಗಳ ಸಂಬಂಧದ ಬಗ್ಗೆ ಪಾಠ ಮಾಡುವ ಒಬ್ಬ ಪ್ರೊಫೆಸರರ ಪರಿಚಯ ನನಗಿತ್ತು. ಭಾವಮೈದುನನನ್ನು ಕರೆದುಕೊಂಡು ಹೋದೆ.

ಪ್ರೊಫೆಸರರಿಗೆ ಬಹಳ ಖುಷಿಯಾಯಿತು. ಬಿಳಿ ಹಲಗೆಯ ಮೇಲೆ ಕೋಷ್ಟಕ ಎಳೆದರು. ಒಂದು ಬದಿಯಲ್ಲಿ ದೇಶಗಳು, ಇನ್ನೊಂದು ಬದಿಯಲ್ಲಿ ಪ್ರಶ್ನೆಗಳು. ಹಳೆಯ ಸ್ನೇಹಿತರು ವಿಮಾನದ ಜೊತೆ ಅದನ್ನು ಕಟ್ಟುವ ಗುಟ್ಟನ್ನೂ ಹೇಳಿಕೊಡುತ್ತೇವೆ ಎನ್ನುತ್ತಾರೆ, ಆದರೆ ಅವರೇ ಜಗಳದಲ್ಲಿದ್ದಾರೆ, ಬಿಡಿಭಾಗ ಯಾವಾಗ ಬರುತ್ತದೋ. ಹೊಸ ಸ್ನೇಹಿತರು ಕೊಡುವುದು ಬಹಳ ಒಳ್ಳೆಯದು, ಆದರೆ ಷರತ್ತಿನ ಪಟ್ಟಿ ವಿಮಾನಕ್ಕಿಂತ ಉದ್ದ. ಮೂರನೆಯವರದ್ದು ನಮ್ಮಲ್ಲಿ ಈಗಾಗಲೇ ಉಂಟು, ಪಳಗಿದೆ, ಆದರೆ ದುಬಾರಿ. ನಾಲ್ಕನೆಯದು, ಏನನ್ನೂ ತಾರದೆ ಕಾಯುವುದು.

ನಾನು ಮಕ್ಕಳ ಹಾಗೆ ಬಾಯಿ ಬಿಟ್ಟು ಕೇಳಿದೆ. ಅವರು ಪ್ರತಿ ಚೌಕಕ್ಕೂ ಅಂಕ ಕೊಟ್ಟರು, ಅಳಿಸಿದರು, ಮತ್ತೆ ಕೊಟ್ಟರು. ಎರಡು ಸಲ ಚಹಾ ಬಂತು. ಭಾವಮೈದುನ ಪ್ರತಿ ದೇಶದ ಪಕ್ಕದಲ್ಲಿ ತನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಬಂದರಿನ ಹೆಸರು ಬರೆದುಕೊಳ್ಳುತ್ತಿದ್ದ. ಕೊನೆಗೆ ಪ್ರೊಫೆಸರರು ಹೇಳಿದರು, "ಎಲ್ಲ ಆಯ್ಕೆಗಳಿಗೂ ಸಮ ಅಂಕ ಬಂದಿದೆ. ಇನ್ನೂ ಸ್ವಲ್ಪ ಅಧ್ಯಯನ ಮಾಡಬೇಕು."

ಕೆಳಗೆ ಬಂದಾಗ ಅವರು ಒಂದು ಬಹಳ ಹಳೆಯ ಸ್ಕೂಟರನ್ನು ಓರೆ ಮಾಡಿ ಒದೆಯುತ್ತಿದ್ದರು. ಅದು ಕೆಮ್ಮಿತು, ಸ್ಟಾರ್ಟ್ ಆಗಲಿಲ್ಲ.

"ಕಾರು ಇಲ್ಲವಾ ಸರ್?" ಎಂದು ಭಾವಮೈದುನ ಕೇಳಿದ.

"ತೆಗೆದುಕೊಳ್ಳಬೇಕು. ಪೆಟ್ರೋಲಾ, ಕರೆಂಟಿನದ್ದಾ ಎಂದು ಕೋಷ್ಟಕ ಹಾಕಿದ್ದೇನೆ. ಅಲ್ಲಿಯವರೆಗೆ ಮಧ್ಯಂತರಕ್ಕೆ ಅಣ್ಣನ ಸ್ಕೂಟರು ತಂದೆ. ನನ್ನ ಮದುವೆಯ ವರ್ಷ."

೪. ಹಿರಿಯಡ್ಕದಲ್ಲಿ ಸಿಗುತ್ತದಾ?

ಇದರ ಮಧ್ಯೆ ಕಾರ್ಕಳದ ಹಿರಿಯ ನಾಗರಿಕರ ಬಳಗವೊಂದು ನನ್ನನ್ನು ಭಾಷಣಕ್ಕೆ ಕರೆಯಿತು. ವಿಷಯ ಇದೇ, ಮಧ್ಯಂತರ ಯುದ್ಧವಿಮಾನ. ಬೇಡ ಎಂದರೆ ಅಹಂಕಾರ ಎನ್ನುತ್ತಾರೆ. ಒಪ್ಪಿಕೊಂಡು ಉಡುಪಿಯಿಂದ ಕಾರ್ಕಳದ ಬಸ್ಸು ಹತ್ತಿದೆ. ತೊಡೆಯ ಮೇಲೆ ಟಿಪ್ಪಣಿ ಹರಡಿಕೊಂಡು ಓದುತ್ತಿದ್ದರೆ ಪಕ್ಕದವನೂ ಓದುತ್ತಿದ್ದ. ಅವನ ಕಾಲಬುಡದಲ್ಲಿ ಚೀಲ, ಅದರೊಳಗಿಂದ ಎರಡು ಮಿಕ್ಸಿ ತಲೆ ಹೊರಗೆ ಹಾಕಿದ್ದವು.

"ನಾನು ಮಿಕ್ಸಿ, ಗ್ರೈಂಡರ್ ರಿಪೇರಿ," ಎಂದು ಪರಿಚಯ ಹೇಳಿಕೊಂಡ. "ನೀವು ವಿಮಾನ ತೆಗೆದುಕೊಳ್ಳುವುದಾ?"

"ನಾನಲ್ಲ, ದೇಶ."

"ಯಾವುದು ಬೇಕಾದರೂ ತೆಗೆಯಿರಿ. ಒಂದು ನೋಡಿಕೊಳ್ಳಿ, ಅದರ ಪಾರ್ಟು ಹಿರಿಯಡ್ಕದಲ್ಲಿ ಸಿಗುತ್ತದಾ?"

ನಾನು ನಕ್ಕೆ. ಅವನು ನಗಲಿಲ್ಲ. ಚೀಲದಿಂದ ಒಂದು ಮಿಕ್ಸಿಯ ಕಿವಿ ಹಿಡಿದೆತ್ತಿ ತೋರಿಸಿದ. "ಇದು ದುಬೈಯಿಂದ ಬಂದದ್ದು. ಎಂತಹ ಚಂದ ನೋಡಿ! ಒಳಗಿನ ಒಂದು ರಬ್ಬರು ಹೋದದ್ದು, ಇಷ್ಟೇ ಇಷ್ಟು. ಎಲ್ಲಿಯೂ ಸಿಗುವುದಿಲ್ಲ. ಆ ಅಮ್ಮ ಒಂದು ವರ್ಷದಿಂದ ಕಲ್ಲಿನಲ್ಲಿ ಅರೆಯುತ್ತಿದ್ದಾರೆ. ಮಿಕ್ಸಿ ಮಾತ್ರ ಇಷ್ಟು ದಿನ ಷೋಕೇಸಿನಲ್ಲಿ ಇತ್ತು."

ಮುಂದಿನ ಸೀಟಿನವರು ತಿರುಗಿದರು, ಹಿಂದಿನವರು ಬಾಗಿದರು. ಕಂಡಕ್ಟರ್ ಟಿಕೆಟು ಕೊಡುವುದು ಬಿಟ್ಟು ಕೇಳುತ್ತಾ ನಿಂತ. ಮಣಿಪಾಲದ ಕೋಷ್ಟಕಕ್ಕಿಂತ ಈ ಒಂದು ಪ್ರಶ್ನೆಯೇ ಗಟ್ಟಿ ಎಂದು ನನಗೆ ಅನಿಸಿದ್ದು ಸುಳ್ಳಲ್ಲ. ಟಿಪ್ಪಣಿಯ ಮೇಲ್ಗಡೆ ಬರೆದುಕೊಂಡೆ.

ಹಿರಿಯಡ್ಕದಲ್ಲಿ ಇಳಿಯುವಾಗ ಅವನು ಜೇಬಿನಿಂದ ಒಂದು ಕಾರ್ಡು ತೆಗೆದು ನನ್ನ ಕೈಯಲ್ಲಿಟ್ಟ. "ಡೆಲ್ಲಿಯವರು ಯಾರಾದರೂ ಕೇಳಿದರೆ ಕೊಡಿ. ಆದಿತ್ಯವಾರ ಮಾತ್ರ ರಜೆ."

೫. ಕಾರ್ಕಳದಲ್ಲಿ ಸೋರಿದ ಗುಟ್ಟು

ಬಳಗದ ಸಭೆಯಲ್ಲಿ ನಲವತ್ತು ಜನ ಇದ್ದಿರಬಹುದು. ನಾನು ವಿಮಾನದಿಂದಲೇ ಶುರು ಮಾಡಿದೆ. ಹತ್ತು ನಿಮಿಷದಲ್ಲಿ ಮೂವರು ತೂಕಡಿಸಿದರು, ಒಬ್ಬರು ಗೊರಕೆ ಹೊಡೆದರು. ಗಾಬರಿಯಾಗಿ, ಅರ್ಥವಾಗಲಿ ಎಂದು ಒಂದು ಉದಾಹರಣೆ ಕೊಟ್ಟೆ. "ಒಬ್ಬರ ಹತ್ತಿರ ಒಂದು ಬೋಟು ಇತ್ತು ಎಂದಿಟ್ಟುಕೊಳ್ಳಿ."

ತೂಕಡಿಸಿದವರು ಎದ್ದು ಕುಳಿತರು. ನಾನು ಹುರುಪಿನಲ್ಲಿ ಭಾವಮೈದುನನ ಕತೆ ಪೂರ್ತಿ ಹೇಳಿದೆ. ಹೆಸರು ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಹಳೆಯ ಬೋಟು ಒಡೆಸಿದ್ದು, ಹೊಸತು ತಡವಾದದ್ದು, ಜನ ಕೈತಪ್ಪುವ ಭಯ, ಈಗ ದಕ್ಷಿಣದ ಒಂದು ಬಂದರಿನಲ್ಲಿ ಹಸಿರು ಬಣ್ಣದ ಒಂದು ಬೋಟು ಒಂದು ಸೀಸನ್ನಿನ ಮಟ್ಟಿಗೆ ಬಾಡಿಗೆಗೆ ಸಿಗುವುದೆಂದು ಅವನಿಗೆ ಗೊತ್ತಾದದ್ದು, ಅದನ್ನು ಮುಂದಿನ ವಾರ ನೋಡಲು ಹೋಗುವುದು, ಎಲ್ಲ.

ಪ್ರಶ್ನೋತ್ತರದಲ್ಲಿ ವಿಮಾನದ ಬಗ್ಗೆ ಒಬ್ಬರೂ ಕೇಳಲಿಲ್ಲ. "ಆ ಹಸಿರು ಬೋಟಿನ ಎಂಜಿನ್ ಹೇಗುಂಟು?" "ತಂಡೇಲರಿಗೆ ಮನೆಯಲ್ಲಿ ಎಷ್ಟು ಮಕ್ಕಳು?" "ಆಚೆಯವರು ಜನರನ್ನು ಕದಿಯುವುದು ಸರಿಯಾ?" ಎಂದು ಕೇಳಿದರು. ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಅಜ್ಜಿ ಸಣ್ಣ ಪುಸ್ತಕದಲ್ಲಿ ಒಂದೂ ಬಿಡದೆ ಬರೆದುಕೊಳ್ಳುತ್ತಿದ್ದರು. ನನ್ನ ಭಾಷಣವನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಮನಸ್ಸು ಉಬ್ಬಿ, ಸಭೆ ಮುಗಿದ ಮೇಲೆ ಅವರ ಹತ್ತಿರವೇ ಹೋಗಿ ಕೈಮುಗಿದೆ.

"ಬಹಳ ಒಳ್ಳೆಯದಾಯಿತು," ಎಂದರು ಅಜ್ಜಿ. "ನನ್ನ ಮಗಳನ್ನು ಕೊಟ್ಟದ್ದು ಕಾಪುವಿಗೇ. ಅಳಿಯನಿಗೂ ಹೊಸ ಬೋಟುಂಟು. ಈಗಲೇ ಫೋನು ಮಾಡಿ ಎಲ್ಲ ಹೇಳುತ್ತೇನೆ, ಅವನಿಗೆ ಇಂಥದ್ದರಲ್ಲಿ ಬಹಳ ಆಸಕ್ತಿ."

೬. ನಾಲ್ಕು ಜನರ ಸ್ವಾಗತ

ಅಜ್ಜಿಯ ಅಳಿಯ ಎಂದರೆ ಆಚೆಮನೆಯವರೇ. ಮರುದಿನ ಬೆಳಿಗ್ಗೆ ಭಾವಮೈದುನನ ಮನೆಗೆ ಕ್ಷಮೆ ಕೇಳಲೆಂದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಕಂಪೌಂಡಿನ ಗೋಡೆಯ ಮೇಲಿಂದ ಆಚೆಮನೆಯವರ ತಲೆ ಕಾಣಿಸಿತು. ಅವರು ಇತ್ತ ಮಾತಾಡದೆ ವರ್ಷಗಳಾಗಿದ್ದವು.

"ಆ ಹಸಿರು ಬೋಟು ತರಬೇಡ," ಎಂದರು ಭಾವಮೈದುನನಿಗೆ. "ಅದನ್ನು ನಾನೂ ಒಮ್ಮೆ ನೋಡಿ ಬಂದದ್ದು. ಹೋಗುವುದಕ್ಕೆ ತೊಂದರೆ ಇಲ್ಲ. ನಿಲ್ಲುವುದರಲ್ಲಿ ಉಂಟು." ಇಷ್ಟು ಹೇಳಿ ತಲೆ ಇಳಿಯಿತು.

ಭಾವಮೈದುನ ನನ್ನ ಮುಖ ನೋಡಿದ. ಇಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಸೆಲೂನಿನಲ್ಲಿ ಕಳೆದ ಮರ್ಯಾದೆಯನ್ನು ಮರಳಿ ಪಡೆಯುವ ಆಸೆ ನನಗೆ. ಬಹಳ ತಿಳಿದವನ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದೆ, "ಇದಕ್ಕೆ ಮಾನಸಿಕ ಯುದ್ಧ ಎನ್ನುತ್ತಾರೆ. ಎದುರಾಳಿ ಬೇಡ ಎಂದದ್ದನ್ನೇ ತೆಗೆದುಕೊಳ್ಳಬೇಕು."

ಬೋಟು ನೋಡಲು ಹೋದೆವು. ಬಣ್ಣ ಚೆನ್ನಾಗಿತ್ತು. ಎಂಜಿನ್ನಿನ ಸದ್ದು ಕೇಳಿ ಜೊತೆಗೆ ಬಂದ ತಂಡೇಲರೂ ತಲೆದೂಗಿದರು. ಯಜಮಾನರು ನಮ್ಮನ್ನು ಹತ್ತಿಸಿಕೊಂಡು ಕಡಲಲ್ಲಿ ಒಂದು ದೊಡ್ಡ ಸುತ್ತು ಹಾಕಿ ತಂದರು. ಮರಳಿ ಬರುವಾಗ ಬೋಟು ಕಟ್ಟುವ ದಕ್ಕೆಯ ಮೇಲೆ ನಾಲ್ಕು ಜನ ದಾಂಡಿಗರು ಹಗ್ಗ ಹಿಡಿದು ಸಾಲಾಗಿ ನಿಂತಿದ್ದರು. ಎಂಜಿನ್ ಬಂದ್ ಆಯಿತು, ಹಗ್ಗ ಹಾರಿ ಬಂತು, ನಾಲ್ವರೂ ಜಗ್ಗಿ ನಿಲ್ಲಿಸಿದರು. ನಿಂತ ಮೇಲೆ ಬೆವರೊರೆಸಿಕೊಂಡು ನಕ್ಕರು.

"ನೋಡಿದಿರಾ ಭಾವ, ಎಂತಹ ಮರ್ಯಾದೆಯ ಜನ," ಎಂದ ಭಾವಮೈದುನ. "ನಮ್ಮ ಮಲ್ಪೆಯಲ್ಲಿ ಬಂದವರನ್ನು ಹೀಗೆ ಎದುರುಗೊಳ್ಳುತ್ತಾರಾ?"

೭. ಮಲ್ಪೆಯಲ್ಲಿ ಲ್ಯಾಂಡಿಂಗ್

ಬೋಟು ಮಲ್ಪೆಗೆ ಬಂದ ದಿನ ಗೊತ್ತಾಯಿತು. ಹಿಂದಕ್ಕೆ ಹೋಗುವ ಗೇರು ಹಾಕಿದರೆ ಒಳಗೆ ಏನೋ ಗರಗರ ಎನ್ನುತ್ತದೆ, ಬೋಟು ಮಾತ್ರ ಮುಂದಕ್ಕೇ ಹೋಗುತ್ತದೆ. ಹೊಳೆಯ ಬದಿಯ ಕೆಸರಿಗೆ ಹೋಗಿ ತಾಗಿದ ಮೇಲೆಯೇ ಅದು ನಿಂತದ್ದು. ಆ ನಾಲ್ವರು ಯಾಕೆ ನಿಂತಿದ್ದರು ಎಂದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಯಜಮಾನರಿಗೆ ಫೋನು ಮಾಡಿದರೆ, "ಹೋಗುವುದು ಹೇಗೆ ಎಂದು ಕೇಳಿದಿರಿ, ತೋರಿಸಿದೆ. ನಿಲ್ಲುವುದು ಕೇಳಲೇ ಇಲ್ಲವಲ್ಲ" ಎಂದರು.

ಗೇರಿನ ಪಾರ್ಟು ಬರಲು ತಿಂಗಳಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ. ಕಡಲಿಗಿಳಿಯಲು ಉಳಿದದ್ದು ಐದೇ ದಿನ. ಹತಾಶನಾಗಿ ಮಿಕ್ಸಿಯವನ ಕಾರ್ಡು ಹುಡುಕಿ ಅವನಿಗೂ ಫೋನು ಮಾಡಿದೆ. "ನಾನು ಬಸ್ಸಿನಲ್ಲೇ ಹೇಳಿದ್ದೆನಲ್ಲ," ಎಂದು ಇಟ್ಟುಬಿಟ್ಟ.

ತಂಡೇಲರು ಬೀಡಿ ಹಚ್ಚಿ ನಿಧಾನವಾಗಿ ಮಾತಾಡಿದರು. "ಕಡಲಲ್ಲಿ ನನಗೆ ಹೆದರಿಕೆ ಇಲ್ಲ, ಅಲ್ಲಿ ನಿಲ್ಲುವ ಕೆಲಸ ಇಲ್ಲ. ಹೆದರಿಕೆ ಬಂದರಿನೊಳಗೆ. ಎರಡು ಬದಿಯಲ್ಲೂ ಬೋಟುಗಳು, ಹಿಂದಿನಿಂದ ನೀರಿನ ಸೆಳೆತ. ಆಚೆಮನೆಯವರ ಹೊಸ ಬೋಟಿಗೆ ಹೋಗಿ ಗುದ್ದಿದರೆ ಎಂತ ಮಾಡುವುದು? ನನ್ನಿಂದ ಆಗುವುದಿಲ್ಲ ಧಣಿ. ಬೇರೆ ಬೋಟು ನೋಡಿಕೊಳ್ಳಲು ಹುಡುಗರು ಕೇಳುತ್ತಿದ್ದಾರೆ."

ಭಾವಮೈದುನ ಹಗ್ಗದ ಸುರುಳಿಯ ಮೇಲೆ ಕುಳಿತು ಹಸಿರು ಬೋಟನ್ನೇ ನೋಡುತ್ತಿದ್ದ. ನನ್ನ ಬಾಯಿಚಪಲಕ್ಕೆ ಇವನ ಜನ ಹೋಗುತ್ತಿದ್ದಾರಲ್ಲ ಎನಿಸಿತು. ಜೀವಮಾನದಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ, ಓಡುವುದನ್ನು ನಿಲ್ಲಿಸುವುದು. ಈಗ ಎದುರಿಗಿದ್ದದ್ದೂ ನಿಲ್ಲದ ಒಂದು ವಸ್ತು. ಇಷ್ಟು ಹೊಳೆಯಲು ನನಗೆ ಅರ್ಧ ದಿನ ಬೇಕಾಯಿತು ಎಂದರೆ ನನ್ನ ತಲೆಯನ್ನು ಊಹಿಸಿಕೊಳ್ಳಿ.

ಮನೆಗೆ ಬಂದು ಅಟ್ಟದಿಂದ ಹಳೆಯ ಬಲೆ ಇಳಿಸಿದೆ. ಒಳಗಡೆಗೆ ಟಾರ್ಪಾಲು ಕೊಟ್ಟು, ದೊಡ್ಡ ಬಾಯಿಯ ಒಂದು ಚೀಲದ ಆಕಾರಕ್ಕೆ ಅಂಗಳದಲ್ಲಿ ಕುಳಿತು ಹೊಲಿಯತೊಡಗಿದೆ. ನೀರು ಸ್ವಲ್ಪ ಸೋರಿಹೋಗಲು ತುದಿಯಲ್ಲಿ ತೂತು, ಸುತ್ತ ಎಂಟು ಹಗ್ಗ, ಎಂಟೂ ಸೇರುವಲ್ಲಿ ಒಂದು ದಪ್ಪ ಹಗ್ಗ. ಗಾಳಿಯ ಬದಲು ನೀರು ತುಂಬಬೇಕು, ಅಷ್ಟೇ ವ್ಯತ್ಯಾಸ. ಮೂರು ದಿನ ಹಿಡಿಯಿತು. ಅಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದಳು. ನಡುವೆ ಒಮ್ಮೆ ಮಾತ್ರ, "ಆ ಗಂಟು ಸಡಿಲ ಉಂಟು" ಎಂದಳು. ಬಿಚ್ಚಿ ಮತ್ತೆ ಹಾಕಿದೆ.

ಮೊದಲ ದಿನ ಪೂಜೆ ಮಾಡಿ ಬೋಟು ಹೊರಟಿತು. ತಂಡೇಲರು ನನ್ನನ್ನು ಕರೆದೊಯ್ಯುವ ಷರತ್ತಿನ ಮೇಲೆ ಒಪ್ಪಿದ್ದರು. "ತಪ್ಪಿದರೆ ನೀವೂ ಬೋಟಿನಲ್ಲೇ ಇರಬೇಕು" ಎಂಬುದು ಅವರ ನ್ಯಾಯ. ಕಡಲಲ್ಲಿ ನಾನು ವಾಂತಿ ಮಾಡಿದ್ದು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ. ಬಂಗುಡೆ ಮೀನು ಸಾಧಾರಣ ಸಿಕ್ಕಿತು.

ಸಂಜೆ ಬಂದರಿನ ಬಾಯಿಗೆ ಬರುವಾಗ ದಕ್ಕೆಯ ಮೇಲೆ ಜನವೋ ಜನ. ಹಸಿರು ಬೋಟು ನಿಲ್ಲುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ನಮಗೆ ನೇರ ಎದುರಿಗೆ ಆಚೆಮನೆಯವರ ಬೋಟು, ಹೊಸ ಬಣ್ಣದಲ್ಲಿ ಮಿಂಚುತ್ತ ನಿಂತಿತ್ತು. ಅದರ ಮೇಲೆ ಆಚೆಮನೆಯವರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ನಾನು ಬೋಟಿನ ಹಿಂಬದಿಯಲ್ಲಿ, ಸರ್ವಿಸ್ಸಿನಲ್ಲಿ ಕಲಿತ ಹಾಗೆಯೇ ಮಡಚಿದ ನನ್ನ ಚೀಲವನ್ನು ತಬ್ಬಿಕೊಂಡು ಕುಳಿತಿದ್ದೆ. ಅಷ್ಟು ವರ್ಷ ಪ್ಯಾರಾಶೂಟ್ ಮಡಚಿದ್ದೇನೆ ನಿಜ, ಅದು ತೆರೆಯುವಾಗ ಆ ವಾಹನದೊಳಗೆ ಒಂದು ದಿನವೂ ಇದ್ದವನಲ್ಲ.

ಎಂಜಿನ್ ಬಂದ್ ಆಯಿತು. ಬೋಟು ನಿಲ್ಲಲಿಲ್ಲ, ಸೆಳೆತಕ್ಕೆ ಮುಂದೆ ಮುಂದೆ ಹೋಯಿತು. "ಹಾಕಿ ಭಾವ, ಹಾಕಿ!" ಎಂದು ಭಾವಮೈದುನ ಕೂಗಿದ. ಹಾಕಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಮತ್ತೆ ಹಗ್ಗ ಬಿಗಿದು, ಬೋಟು ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ ಜಗ್ಗಿಸಿಕೊಂಡಿತು. ನಾವೆಲ್ಲ ಮುಂದಕ್ಕೆ ಬಿದ್ದೆವು. ಎದ್ದು ನೋಡಿದರೆ ಬೋಟು ನಿಂತಿದೆ. ಆಚೆಮನೆಯವರ ಬೋಟಿಗೂ ನಮಗೂ ಎರಡು ಮಾರು ಅಂತರ.

ದಕ್ಕೆಯಲ್ಲಿ ಶಿಳ್ಳೆ ಬಿತ್ತು. ತಂಡೇಲರು ಬೀಡಿ ಹಚ್ಚಿ, "ನಾಳೆ ಬೆಳಿಗ್ಗೆ ಬೇಗ ಬನ್ನಿ ಮಕ್ಕಳೇ" ಎಂದು ಹುಡುಗರಿಗೆ ಹೇಳಿದರು. ಅಷ್ಟು ಸಾಕಾಗಿತ್ತು ಭಾವಮೈದುನನಿಗೆ. ಅವನು ಬಂಗುಡೆಯ ರಾಶಿಯ ಮೇಲೆಯೇ ಕುಳಿತು ಅತ್ತ. ನಾನೂ ಸ್ವಲ್ಪ ಅತ್ತೆ, ವಾಂತಿಯ ನೆಪದಲ್ಲಿ.

ಚೀಲವನ್ನು ಮೇಲೆಳೆದರೆ ಅದರೊಳಗೆ ಬಂದರಿನ ತಳದ ಕೆಸರು, ಒಂದು ಚಪ್ಪಲಿ ಮತ್ತು ಎರಡು ದಪ್ಪ ಕಾಣೆ ಮೀನು. ಆಚೆಮನೆಯವರು ತಮ್ಮ ಬೋಟಿನಿಂದ ನಮ್ಮದಕ್ಕೆ ದಾಟಿ ಬಂದರು. ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮತ್ತೆ ನನಗೆ ಹೇಳಿದರು, "ನನಗೂ ಒಂದು ಮಾಡಿಕೊಡಿ."

"ನಿಮ್ಮ ಬೋಟಿನ ಗೇರು ಸರಿ ಉಂಟಲ್ಲ?"

"ಸರಿ ಉಂಟು. ಆದರೆ ಇವನಲ್ಲಿ ಇರುವುದು ನನ್ನಲ್ಲಿ ಇಲ್ಲದಿದ್ದರೆ ಹೇಗೆ?"

ಕಾಣೆ ಎರಡೂ ನಮ್ಮ ಮನೆಗೆ ಬಂದವು. ಹೆಂಡತಿ ತೊಳೆದು ಮಸಾಲೆ ಹಚ್ಚಿದಳು, ಅಮ್ಮ ಕಾವಲಿಯ ಮುಂದೆ ಕುಳಿತಳು. "ಇಷ್ಟು ದಪ್ಪದ ಕಾಣೆ ಯಾವ ಬಲೆಗೆ ಬಿದ್ದದ್ದು?" ಎಂದು ಕೇಳಿದಳು.

"ಇವರ ವಿಮಾನದ ಬಲೆಗೆ ಅತ್ತೆ," ಎಂದಳು ಹೆಂಡತಿ. "ಏರ್ ಫೋರ್ಸಿನಲ್ಲಿ ಇವರು ಮಾಡುತ್ತಿದ್ದದ್ದು ಅದೇ ಕೆಲಸವಂತೆ. ಹರಿದದ್ದನ್ನು ಹೊಲಿಯುವುದು, ಒಣಗಿಸುವುದು, ಮಡಚಿ ಇಡುವುದು."

ಇದನ್ನು ಅಮ್ಮನಿಗೆ ನಾನು ಈವರೆಗೆ ಬಿಡಿಸಿ ಹೇಳಿರಲಿಲ್ಲ. ಅವಳು ಕಾಣೆಯನ್ನು ಮಗುಚಿ ಹಾಕಿ, ಸಟ್ಟುಗ ಕೈಯಲ್ಲೇ ಹಿಡಿದು ನನ್ನತ್ತ ತಿರುಗಿದಳು.

"ಬಲೆ ಹೊಲಿಯಲು ಬೇಜಾರು ಎಂದಲ್ವಾ ನೀನು ಓಡಿಹೋದದ್ದು?"